ಗೂಳಿಕಾಳಗದ ಶಾಯಿಚಿತ್ರವನ್ನು ಓದುವ ಬಗೆ

ಸ್ಪೇನಿನ ಗೂಳಿಕಾಳಗವನ್ನು ಕುರಿತ ಆಧುನಿಕ ಶಾಯಿಚಿತ್ರವೊಂದನ್ನು ಕಂಡೊಡನೆ ಸಂಕೇತಗಳ ಬೆನ್ನು ಹತ್ತುವುದು ಸುಲಭ. ಆದರೆ ಅದಕ್ಕೂ ಮೊದಲು ಚಿತ್ರದಲ್ಲಿರುವುದು ಕಾಳಗದ ಯಾವ ಘಟ್ಟವೆಂದು ಗುರುತಿಸಿಕೊಳ್ಳಬೇಕು. ಕುದುರೆಯ ಮೇಲೆ ಕುಳಿತು ಈಟಿ ಹಿಡಿದವನಿದ್ದರೆ ಅದು ಮೊದಲನೆಯ ಘಟ್ಟ. ಕೈಗಳೆರಡನ್ನೂ ಮೇಲೆತ್ತಿ ಬಣ್ಣದ ಕಾಗದ ಸುತ್ತಿದ ಮುಳ್ಳುಕೋಲುಗಳನ್ನು ಚುಚ್ಚಲು ಬರುವವನು ಎರಡನೆಯದಕ್ಕೆ ಸೇರಿದವನು. ಚಿಕ್ಕ ಬಟ್ಟೆ ಮತ್ತು ಕತ್ತಿಯೊಡನೆ ಗೂಳಿಗೆ ಎದುರಾದವನದು ಕೊನೆಯದು.

ಇವೆಲ್ಲ ನಾಲ್ಕು ಗೆರೆಗಳಲ್ಲಿ ಕರಗಿಹೋಗಿದ್ದರೆ ಗೂಳಿಯ ತಲೆಯನ್ನು ಗಮನಿಸಿರಿ. ಈಟಿಯ ತಿವಿತಕ್ಕೆ ಕತ್ತಿನ ಸ್ನಾಯುಗಳು ಸೋಲುವುದರಿಂದ ತಲೆ ಕ್ರಮೇಣ ತಗ್ಗುತ್ತದೆ. ನುಗ್ಗುವ ಗೂಳಿಯೂ ತಲೆ ತಗ್ಗಿಸುವುದುಂಟಾದ್ದರಿಂದ ಕಾಲುಗಳನ್ನೂ ಜೊತೆಗೇ ನೋಡಬೇಕು: ಕಾಲು ನೆಲಕ್ಕೆ ಊರಿ ಮೂತಿ ಜೋತಿದ್ದರೆ ಅದು ದಣಿವು.

ಸಿದ್ಧಗಂಗೆಯ ದನಗಳ ಜಾತ್ರೆಯಲ್ಲಿ ಹಲ್ಲು, ಸುಳಿ ನೋಡಿ ಬೆಲೆ ಕಟ್ಟುವ ತುಮಕೂರು ಸೀಮೆಯವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಆದರೆ ಅವರ ಕಣ್ಣು ಒಂದೆರಡು ಕಡೆ ಎಡವಬಹುದು. ಹಳ್ಳಿಕಾರ್ ಹೋರಿಯ ಕೊಂಬು ಹಿಂದಕ್ಕೆ ಬಾಗಿ ಬೆಳೆದರೆ ಕಾಳಗದ ಗೂಳಿಯದು ಮುಂದಕ್ಕೆ ಚಾಚಿರುತ್ತದೆ. ಅದರ ಕತ್ತಿನ ಮೇಲಿನ ಉಬ್ಬು ಹಿಣಿಲಲ್ಲ, ಕೆರಳಿದಾಗ ಸೆಟೆದೇಳುವ ಸ್ನಾಯು. ಅದನ್ನು ಕಲಾವಿದನ ಉತ್ಪ್ರೇಕ್ಷೆಯೆಂದು ತಳ್ಳಿಹಾಕುವಂತಿಲ್ಲ.

ಅನಂತರ ಶಾಯಿಯನ್ನೇ ಓದಬೇಕು; ನನ್ನ ಮಟ್ಟಿಗೆ ಚಿತ್ರದ ತಿರುಳಿರುವುದು ಇಲ್ಲಿಯೇ. ಶಾಯಿ ತೀರುತ್ತ ಬಂದ ಕುಂಚವನ್ನು ಬೀಸಿ ಎಳೆದಾಗ ಗೆರೆ ಸೀಳಿ ನಡುವೆ ಕಾಗದದ ಬಿಳುಪು ಇಣುಕುತ್ತದೆ. ಅದು ವೇಗದ ಗುರುತು. ಒದ್ದೆ ಕುಂಚವನ್ನು ಒಂದೆಡೆ ನಿಲ್ಲಿಸಿದಾಗ ಕಪ್ಪು ಮಡುಗಟ್ಟಿ ಅಂಚು ಹರಡುತ್ತದೆ. ಅದು ಭಾರದ ಗುರುತು. ಯಾವುದು ಗೂಳಿಯ ಪಾಲಿಗೆ, ಯಾವುದು ಮನುಷ್ಯನ ಪಾಲಿಗೆ ಬಂದಿದೆಯೆಂದು ಹೋಲಿಸಿ ನೋಡಿದರೆ ಚಿತ್ರಕಾರನ ಒಲವು ಎತ್ತ ಎಂಬುದು ಬಹುಮಟ್ಟಿಗೆ ತಿಳಿಯುತ್ತದೆ. ಪಿಕಾಸೊ 1957ರಲ್ಲಿ ರಚಿಸಿದ, ಗೂಳಿಕಾಳಗವನ್ನೇ ವಸ್ತುವಾಗುಳ್ಳ 26 ಚಿತ್ರಗಳ ಮಾಲೆ ತಾಮ್ರದ ತಗಡಿನಿಂದ ತೆಗೆದ ಅಚ್ಚಾದರೂ ಕುಂಚದ ಹಾದಿ ಅದರಲ್ಲಿ ಸ್ಪಷ್ಟವಾಗಿದೆ. ಅಲ್ಲಿ ಜನಸಮೂಹವೆಂಬುದು ಬರಿಯ ಚುಕ್ಕೆಗಳ ಸಾಲು.

ಕೆಂಪು ಬಟ್ಟೆ ಕಪ್ಪಾಗಿದೆಯೆಂಬ ಕೊರತೆ ಬೇಡ. ಗೂಳಿ ಕೆರಳುವುದು ಬಣ್ಣಕ್ಕಲ್ಲ, ಚಲನೆಗೆ. ಹಾಗಾಗಿ ಬಟ್ಟೆಯ ಅಂಚು ಯಾವ ದಿಕ್ಕಿಗೆ ಹೊರಳಿದೆಯೆಂಬುದನ್ನಷ್ಟೇ ನೋಡಿದರೆ ಸಾಕು. ಹಿನ್ನೆಲೆಯಲ್ಲಿ ತೆಳುಶಾಯಿ ಹರಿಸಿದ ಬೂದು ಕಮಾನಿದ್ದರೆ ಅದು ಅಂಗಳದ ನೆರಳಿನ ಭಾಗವಿರಬಹುದು. ಅಲ್ಲಿ ನೆರಳಿನ ಆಸನಕ್ಕೆ ಬಿಸಿಲಿನ ಆಸನಕ್ಕಿಂತ ಹೆಚ್ಚಿನ ಬೆಲೆ.