ಮಳೆ ನೋಡಲು ನ್ಯೂಜಿಲೆಂಡಿಗೆ

ಕೊನೆಕೊಯ್ಲು ಮುಗಿದು, ಅಡಿಕೆ ಮಾರಿ, ಕೈಯಲ್ಲಿ ನಾಲ್ಕು ಕಾಸು ಓಡಾಡುತ್ತಿದ್ದ ಏಪ್ರಿಲ್‌ನಲ್ಲಿ ನಾವು ಮೂವರು ನ್ಯೂಜಿಲೆಂಡಿನ ದಕ್ಷಿಣ ದ್ವೀಪಕ್ಕೆ ಹೋದೆವು. ನಾನು, ಹೆಂಡತಿ, ಕುಮಟಾದ ಬಾವ. ಬಾಡಿಗೆ ಕಾರು, ಡ್ರೈವಿಂಗ್ ನನ್ನದೇ. ಅಲ್ಲೂ ನಮ್ಮಂತೆ ಎಡಗಡೆ ಓಡಿಸಬೇಕು. ದೇವಿಮನೆ ಘಟ್ಟದಲ್ಲಿ ಮೂವತ್ತು ವರ್ಷ ಓಡಾಡಿದವನಿಗೆ ಇದೇನು ಮಹಾ ಅಂದುಕೊಂಡಿದ್ದೆ.

ಮೊದಲ ಪೆಟ್ಟು ಏರ್‌ಪೋರ್ಟಿನಲ್ಲೇ ಬಿತ್ತು. ಹೆಂಡತಿ ಅಪ್ಪೆಮಿಡಿ ಉಪ್ಪಿನಕಾಯಿ ಜೊತೆ ಒಂದು ಬಾಟಲಿ ತುಡುವೆ ಜೇನು ಇಟ್ಟಿದ್ದಳು. ಆ ದೇಶಕ್ಕೆ ಜೇನು ಒಯ್ಯುವಂತಿಲ್ಲ, ಅವರ ಜೇನುನೊಣಗಳಿಗೆ ರೋಗ ತಗುಲೀತು ಎಂಬ ಭಯ. ಪುಣ್ಯಕ್ಕೆ ಫಾರ್ಮಿನಲ್ಲಿ ತಿಂಡಿ ಇದೆ ಎಂದು ಬರೆದಿದ್ದೆವು. ಮುಚ್ಚಿಟ್ಟಿದ್ದರೆ 400 ಡಾಲರ್ ದಂಡ. ಉಪ್ಪಿನಕಾಯಿ ಡಬ್ಬಿ ತಿರುಗಿಸಿ ನೋಡಿ ವಾಪಸ್ ಕೊಟ್ಟರು. ಜೇನು ಕಸದ ಬುಟ್ಟಿಗೆ ಹೋಯಿತು.

ಎರಡನೇ ಪೆಟ್ಟು ಕಾರಿನ ಕೌಂಟರಿನಲ್ಲಿ. ಬುಕ್ ಮಾಡಿದ್ದು ಬೆಂಗಳೂರಿನ ಮಗ, ಅವನ ಕಾರ್ಡಿನಲ್ಲಿ. ಓಡಿಸುವವನ ಹೆಸರಿನ ಕ್ರೆಡಿಟ್ ಕಾರ್ಡೇ ಬೇಕು ಅಂದರು. ನನ್ನ ಹತ್ತಿರ ಇದ್ದದ್ದು ಡೆಬಿಟ್ ಕಾರ್ಡು. ಎರಡು ತಾಸು ಮಾತಾಡಿ, ಕೊನೆಗೆ ದುಬಾರಿ ಪೂರ್ತಿ ಇನ್ಶೂರೆನ್ಸ್ ತಗೊಂಡ ಮೇಲೆ ಕೀಲಿ ಕೈಗೆ ಬಂತು. ಹೋಗುವವರು ಇದೊಂದನ್ನು ಇಲ್ಲಿಂದಲೇ ಸರಿಮಾಡಿಕೊಳ್ಳಿ.

ಕ್ರೈಸ್ಟ್‌ಚರ್ಚಿನಿಂದ ಟೆಕಾಪೋ ಕೆರೆಗೆ ಸುಮಾರು 225 ಕಿಲೋಮೀಟರ್. ಹಿಮನದಿ ಕಲ್ಲನ್ನು ಹಿಟ್ಟಿನ ಹಾಗೆ ಅರೆದು ನೀರಿಗೆ ಬಿಡುತ್ತದಂತೆ, ಅದಕ್ಕೇ ಕೆರೆಗೆ ಹಾಲು ಬೆರೆಸಿದ ನೀಲಿ ಬಣ್ಣ. ಕ್ವೀನ್ಸ್‌ಟೌನ್ ಬಗ್ಗೆ ಜಾಸ್ತಿ ಹೇಳಲು ಏನಿಲ್ಲ. ಡಿಸೆಂಬರ್ ಕೊನೆಯ ಗೋಕರ್ಣದ ಹಾಗೆ ಗದ್ದಲ.

ಅಲ್ಲಿ ಒಂದೇ ಗಾಡಿ ದಾಟುವ ಸೇತುವೆಗಳು ಬಹಳ. ಬೋರ್ಡಿನಲ್ಲಿ ನಮ್ಮ ಕಡೆಯ ಬಾಣ ಕೆಂಪಗೆ, ಸಣ್ಣಗಿದ್ದರೆ ನಾವು ನಿಲ್ಲಬೇಕು. ನನಗೆ ಬೋರ್ಡಿಗಿಂತ ಅಭ್ಯಾಸ ಮುಂದೆ. ಎದುರಿನಿಂದ ಕಾರು ಬಂತು, ನಾನು ಲೈಟ್ ಹೊಡೆದೆ. ನಮ್ಮಲ್ಲಿ ಅದರ ಅರ್ಥ ‘ನಾ ಬಂದೆ, ನಿಲ್ಲು’ ಅಂತ, ಅಲ್ವಾ? ಆತ ‘ನೀವು ಬನ್ನಿ’ ಎಂದು ತಿಳಿದು ಬಂದೇಬಿಟ್ಟ. ಸೇತುವೆ ನಡುವೆ ಮೂತಿಗೆ ಮೂತಿ. ನಾನೇ ರಿವರ್ಸ್ ಹೋದೆ. ಆತ ಕೈ ಬೀಸಿ ಥ್ಯಾಂಕ್ಸ್ ಬೇರೆ ಹೇಳಿದ! ಬಾವ ಆ ದಿನವಿಡೀ ನಕ್ಕ.

ಕಡಿದಾದ ಬೆಟ್ಟಗಳ ನಡುವೆ ಸಮುದ್ರ ಒಳನುಗ್ಗಿದ ಮಿಲ್‌ಫರ್ಡ್ ಸೌಂಡ್ ಎಂಬ ಜಾಗ ನಮ್ಮ ಮುಖ್ಯ ಗುರಿ. ನಾನು ಸಿರ್ಸಿ-ಬೆಂಗಳೂರು ಲೆಕ್ಕದಲ್ಲಿ ಕ್ವೀನ್ಸ್‌ಟೌನಿನಿಂದ ಒಂದೇ ದಿನ ಹೋಗಿ ಬರುವ ಪ್ಲಾನ್ ಹಾಕಿದ್ದೆ. ಹೋಗಲಿಕ್ಕೇ 290 ಕಿಲೋಮೀಟರ್, ಏಪ್ರಿಲ್‌ನಲ್ಲಿ ಆರೂವರೆಗೆಲ್ಲ ಕತ್ತಲು. ಹೆಂಡತಿ ಒಪ್ಪಲಿಲ್ಲ, ದಾರಿಯಲ್ಲಿ ಸಿಗುವ ಟೆ ಅನೌ ಎಂಬ ಊರಿನಲ್ಲಿ ಉಳಿದೆವು. ಅವಳು ಹೇಳಿದ್ದೇ ಸರಿಯಾಯ್ತು. ಅಲ್ಲಿಂದ ಮುಂದಿನ 120 ಕಿಲೋಮೀಟರ್‌ನಲ್ಲಿ ಮೊಬೈಲ್ ಸತ್ತ ಹಾಗೆಯೇ. ಪೆಟ್ರೋಲ್ ಟೆ ಅನೌನಲ್ಲೇ ತುಂಬಿಸಿಕೊಳ್ಳಬೇಕು.

ಬೆಳಿಗ್ಗೆ ಎದ್ದರೆ ಧಾರಾಕಾರ ಮಳೆ. ವರ್ಷಕ್ಕೆ ಆರೂವರೆ ಮೀಟರ್ ಆಸುಪಾಸು ಮಳೆ ಬೀಳುವ ಜಾಗ ಅದು. “ಇಷ್ಟು ದುಡ್ಡು ಸುರಿದು ಮಳೆ ನೋಡ್ಲಿಕ್ಕೆ ಬಂದ್ವಾ? ಆಷಾಢದಲ್ಲಿ ಜಗುಲಿ ಮೇಲೆ ಕೂತಿದ್ರೆ ಪುಕ್ಕಟೆ ಕಾಣ್ತಿತ್ತು,” ಅಂದಳು. ನನಗೂ ಹಾಗೇ ಅನಿಸಿತ್ತು.

ಹೋಮರ್ ಸುರಂಗದ ಈಚೆ ಸಿಗ್ನಲ್‌ಗೆ ನಿಂತಾಗ ಒಂದು ಹಸಿರು ಗಿಳಿ ಬಾನೆಟ್ ಮೇಲೆ ಇಳಿಯಿತು. ಕೀಯಾ. ಕೊಕ್ಕು ಕತ್ತಿಯ ತುದಿಯ ಹಾಗೆ ಬಾಗಿದೆ. ತಲೆ ಓರೆ ಮಾಡಿ ನಮ್ಮನ್ನು ಒಮ್ಮೆ ನೋಡಿ, ವೈಪರಿನ ರಬ್ಬರ್ ಹಿಡಿದು ಎಳೆಯತೊಡಗಿತು. ಹಾರ್ನ್ ಹೊಡೆದರೂ ಕ್ಯಾರೇ ಇಲ್ಲ. ರೆಕ್ಕೆ ಬಿಚ್ಚಿದಾಗ ಕೆಳಗಡೆ ಕಿತ್ತಳೆ ಬಣ್ಣ. ಹಸಿರು ದೀಪ ಬೀಳುವಾಗ ಗೇಣುದ್ದದ ರಬ್ಬರ್ ಅದರ ಕೊಕ್ಕಿನಲ್ಲಿತ್ತು.

ಒಂದೇ ವೈಪರಿನಲ್ಲಿ ಸುರಂಗ ದಾಟಿದೆವು. ಆಚೆ ಕಪ್ಪು ಬಂಡೆಗಳ ತುಂಬ ನೀರು. ಒಂದೆರಡಲ್ಲ, ಎಣಿಸಲಾಗದಷ್ಟು ಝರಿಗಳು, ಮಳೆ ನಿಂತರೆ ಇರದಂಥವು. ದೋಣಿಯಲ್ಲಿ 162 ಮೀಟರಿನ ಬೋವೆನ್ ಜಲಪಾತ ಕಂಡಾಗ ಬಾವ, “ಜೋಗದ ಮುಂದೆ ಇದು ಮರಿ,” ಎಂದು ಗೊಣಗಿದ. ಆದರೆ ಡೆಕ್ ಬಿಟ್ಟು ಒಳಗೆ ಬರಲಿಲ್ಲ. ಹೆಂಡತಿಯೂ ಅಷ್ಟೇ, ಜಗುಲಿಯ ಮಾತು ಮತ್ತೆ ಎತ್ತಲಿಲ್ಲ.

ಕಾರು ವಾಪಸ್ ಕೊಡುವಾಗ ಕೌಂಟರಿನ ಹುಡುಗ ವೈಪರ್ ನೋಡಿದ. ನಾನು ಬಾಯಿ ತೆರೆಯುವ ಮೊದಲೇ, “ಕೀಯಾ?” ಎಂದು ಕೇಳಿ ನಕ್ಕ.