ಮಳೆಗಾಲದ ಕೆಸರು ಮೆತ್ತಿದ ಬೈಕ್ ತೊಳೆಯುವ ಬಗೆ

ನಮ್ಮ ತೀರ್ಥಹಳ್ಳಿ ಕಡೆ ಮಳೆ ಹಿಡಿದ ಮೇಲೆ ತೋಟಕ್ಕೆ ಹೋಗಿ ಬನ್ನಿ, ಗುಡ್ಡದ ಜೀಪ್ ರಸ್ತೆ ಹತ್ತಿ ಬನ್ನಿ, ಯಾವ ಕಂಪನಿಯ ಬೈಕಾದರೂ ಬಣ್ಣ ಒಂದೇ, ಕೆಂಪು. ನನ್ನದು ಹೀರೋ ಎಕ್ಸ್‌ಪಲ್ಸ್ 200. ಮುಂದೆ 21 ಇಂಚಿನ ಚಕ್ರ, ಹೊಟ್ಟೆ ನೆಲದಿಂದ 220 ಮಿಲಿಮೀಟರ್ ಮೇಲೆ. ಕೆಸರಿಗೆ ಇಳಿಸಲಿಕ್ಕೆಂದೇ ಮಾಡಿದ ಗಾಡಿ, ಇಳಿಸಿ. ಆದರೆ ಮನೆಗೆ ಬಂದ ಮೇಲೆ ಅವಸರ ಬೇಡ. ಇಂಥ ಗಾಡಿಗೆ ಕೆಸರು ಮಾಡುವ ಕೇಡಿಗಿಂತ ಅದನ್ನು ತೊಳೆಯುವ ರಭಸ ಮಾಡುವ ಕೇಡು ದೊಡ್ಡದು ಅಂತ ನನ್ನ ಲೆಕ್ಕ.

ಬಂದ ಕೂಡಲೇ ಕಾದ ಇಂಜಿನ್ ಮೇಲೆ ತಣ್ಣೀರು ಬಿಡಬಾರದು. ಸೈಲೆನ್ಸರಿನ ಹತ್ತಿರ ಕೈ ಹಿಡಿದರೆ ಝಳ ಹೊಡೆಯಬಾರದು, ಅಷ್ಟು ಆರಲಿ. ಹಾಗಂತ ನಾಳೆ ಬೆಳಿಗ್ಗೆಗೆ ಇಟ್ಟರೂ ಕೆಟ್ಟಿತು. ನಮ್ಮ ಜಂಬಿಟ್ಟಿಗೆ ಮಣ್ಣು ಒಣಗಿದರೆ ಉಜ್ಜಬೇಕಾಗುತ್ತದೆ, ಉಜ್ಜಿದರೆ ಪ್ಲಾಸ್ಟಿಕ್ಕಿನ ಮೇಲೆಲ್ಲ ಗೀರು. ಬೂಟು ಬಿಚ್ಚಿ, ಕಾಲಿಗೆ ಹತ್ತಿದ ಇಂಬಳ (ಜಿಗಣೆ) ಕಿತ್ತು, ಕಾಫಿ ಕುಡಿಯುವಷ್ಟು ಹೊತ್ತು ಸಾಕು. (ಇಂಬಳಕ್ಕೆ ಹಾಕಿದ ಉಪ್ಪಿನ ಕೈ ತೊಳೆದುಕೊಂಡೇ ಗಾಡಿ ಮುಟ್ಟಿ.)

ಮೊದಲು ನೀರಿಲ್ಲದೆ ಕೆರೆಯಬೇಕು. ಸ್ಕ್ರೂಡ್ರೈವರ್ ಬೇಡ. ಅಡಿಕೆ ದಬ್ಬೆಯ (ಸೀಳಿದ ಅಡಿಕೆ ಮರದ) ಒಂದು ಗೇಣುದ್ದದ ತುಂಡನ್ನು ತುದಿ ಚಪ್ಪಟೆಯಾಗುವಂತೆ ಕೆತ್ತಿಟ್ಟುಕೊಳ್ಳಿ. ಪೇಂಟಿಗೆ ಗೀರು ಬೀಳುವುದಿಲ್ಲ, ಮುರಿದರೆ ಇನ್ನೊಂದು. ಮುಂದಿನ ಮಡ್‌ಗಾರ್ಡಿನ ಒಳಮೈ, ಚೈನ್ ಕವರಿನ ಹಿಂದೆ, ಫುಟ್‌ರೆಸ್ಟಿನ ಸ್ಪ್ರಿಂಗ್, ಸೈಡ್ ಸ್ಟ್ಯಾಂಡಿನ ಮಡಿಕೆ, ಇಂಜಿನ್ ಕೆಳಗಿನ ತಗಡಿಗೂ ಇಂಜಿನ್ನಿಗೂ ನಡುವಿನ ಸಂದು. ಕೊನೆಯದನ್ನು ಎಲ್ಲರೂ ಮರೆಯುತ್ತಾರೆ. ಅಲ್ಲಿ ಕಟ್ಟಿಕೊಂಡ ಮಣ್ಣು ಇಂಜಿನ್ ಶಾಖವನ್ನೂ ಹೊರಗೆ ಬಿಡುವುದಿಲ್ಲ, ತೇವವನ್ನೂ ಬಿಡುವುದಿಲ್ಲ. ಮಳೆಗಾಲದಲ್ಲಿ ಆಗಾಗ ಆ ತಗಡಿನ ಬೋಲ್ಟ್ ಬಿಚ್ಚಿ ಕೆಳಗಿಳಿಸಿ ನೋಡಿ. ಚಕ್ರದ ಅಚ್ಚಿಗೆ ಬಳ್ಳಿ, ಹುಲ್ಲು ಸುತ್ತಿಕೊಂಡಿದ್ದರೆ ಕತ್ತರಿಸಿ ತೆಗೆಯಿರಿ, ಎಳೆಯಬೇಡಿ. ಎಳೆದಷ್ಟೂ ಅದು ಸೀಲಿನ ತುಟಿಯನ್ನು ಕೊಯ್ಯುತ್ತದೆ.

ಈಗ ಸೈಲೆನ್ಸರ್ ಬಾಯಿಗೆ ಬಟ್ಟೆಯ ಉಂಡೆ ತುರುಕಿ. ಕೆಂಪು ಬಟ್ಟೆಯಾದರೆ ಒಳ್ಳೆಯದು, ಸ್ಟಾರ್ಟ್ ಮಾಡುವ ಮುಂಚೆ ಕಣ್ಣಿಗೆ ಬೀಳುತ್ತದೆ.

ನೀರಿನ ವಿಷಯಕ್ಕೆ ಬರೋಣ. ನಮ್ಮಲ್ಲಿ ಗುಡ್ಡದ ಅಬ್ಬಿಯಿಂದ ಕಪ್ಪು ಪೈಪಿನಲ್ಲಿ ತಾನಾಗಿ ಇಳಿದು ಬರುವ ನೀರಿದೆ. ಬೈಕಿಗೆ ಅದಕ್ಕಿಂತ ಒಳ್ಳೆಯ ನೀರಿಲ್ಲ. ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದರೆ ಎಷ್ಟು ಜೋರು ಬರುತ್ತದೋ ಅಷ್ಟು ಜೋರು ಸಾಕು. ಮೇಲಿನಿಂದ ಕೆಳಕ್ಕೆ ನೆನೆಸುತ್ತ ಬನ್ನಿ, ಹತ್ತು ನಿಮಿಷ ನೆನೆಯಲು ಬಿಡಿ, ಮತ್ತೆ ಹಿಡಿಯಿರಿ. ಅರ್ಧ ಮಣ್ಣು ತಾನೇ ಜಾರುತ್ತದೆ. ಪೇಟೆಯ ವಾಟರ್ ಸರ್ವೀಸಿನಲ್ಲಿ ಗನ್ ಹಿಡಿದು ಹೊಡೆದರೆ ಐದು ನಿಮಿಷದಲ್ಲಿ ಫಳಫಳ ನಿಜ. ಆದರೆ ಚಕ್ರದ ಬೇರಿಂಗ್, ಹ್ಯಾಂಡಲ್ ತಿರುಗುವ ಕೋನ್ ಸೆಟ್, ಹಿಂದಿನ ಚಕ್ರ ಹಿಡಿದಿರುವ ಸ್ವಿಂಗ್ ಆರ್ಮಿನ ಬುಷ್, ಇವುಗಳ ರಬ್ಬರ್ ಸೀಲ್ ಇರುವುದು ಮಳೆ ನೀರು ತಡೆಯಲು. ಗನ್ನಿನ ನೀರು ಅದನ್ನು ದಾಟಿ ಒಳಗೆ ಹೋಗುತ್ತದೆ, ಗ್ರೀಸ್ ತೊಳೆಯುತ್ತದೆ, ಹೊರಗೆ ಬರುವ ದಾರಿ ಅದಕ್ಕೆ ಗೊತ್ತಿಲ್ಲ. ಗನ್ ಹಿಡಿಯಲೇಬೇಕಾದರೆ ಎರಡು ಮಾರು ದೂರದಿಂದ, ಟೈರಿಗೆ, ಮಡ್‌ಗಾರ್ಡಿಗೆ ಮಾತ್ರ. ತೊಳೆದಾದ ಮೇಲೆ ಮಿಂಚಲಿ ಅಂತ ಡೀಸೆಲ್ ಸಿಂಪಡಿಸಲು ಬಂದರೆ ಕೈ ಹಿಡಿದು ನಿಲ್ಲಿಸಿ. ಬ್ರೇಕಿನ ಡಿಸ್ಕ್ ಮೇಲೆ ಒಂದು ಹನಿ ಬಿದ್ದರೂ ಮೊದಲ ಇಳಿಜಾರಿನಲ್ಲೇ ಗೊತ್ತಾಗುತ್ತದೆ.

ತೋಟದವರಿಗೆ ಒಂದು ಮಾತು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಔಷಧಿ ಹೊಡೆಯುವ ಪಂಪಿನಲ್ಲೇ ಬೈಕ್ ತೊಳೆಯುವ ರೂಢಿ ಸುಮಾರು ಮನೆಗಳಲ್ಲಿದೆ. ಬೋರ್ಡೋ ದ್ರಾವಣ ಅಂದರೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ. ಸುಣ್ಣ ಸಾಕಾಗಿದೆಯಾ ಅಂತ ನೋಡಲು ಉಜ್ಜಿದ ಕತ್ತಿಯ ಅಲಗನ್ನು ಅದ್ದುತ್ತೇವಲ್ಲ, ಕಡಿಮೆಯಾಗಿದ್ದರೆ ಅಲಗಿನ ಮೇಲೆ ಕೆಂಪಗೆ ತಾಮ್ರ ಕೂರುತ್ತದೆ. ಪೈಪಿನಲ್ಲಿ ಉಳಿದ ಮೈಲುತುತ್ತದ ನೀರು ನಿಮ್ಮ ಸ್ಪೋಕ್ಸ್ ಕಡ್ಡಿಗೂ ಅದೇ ಕೆಲಸ ಮಾಡುತ್ತದೆ, ಕಬ್ಬಿಣ ತಿನ್ನುತ್ತದೆ. ಆ ಪಂಪು ಬೇಡವೇ ಬೇಡ.

ಸೋಪಿಗೆ ಎರಡು ರೂಪಾಯಿಯ ತಲೆ ಶಾಂಪೂ ಪೌಚ್ ಒಂದು ಬಕೆಟ್ಟಿಗೆ ಧಾರಾಳ. ಎರಡು ಬಟ್ಟೆ ಇಟ್ಟುಕೊಳ್ಳಿ, ಟ್ಯಾಂಕಿಗೊಂದು, ಕೆಳಗಿನ ಭಾಗಕ್ಕೊಂದು. ಇದಕ್ಕಿಂತ ಹೆಚ್ಚು ಹೇಳುವುದೇನಿಲ್ಲ.

ಮುಂದಿನ ಶಾಕಿಗೆ ಮಾತ್ರ ಸ್ವಲ್ಪ ಕೂತು ಕೆಲಸ ಮಾಡಿ. ಮೇಲೆ ರಬ್ಬರಿನ ಮಡಿಕೆ ಚೀಲ, ಅಂದರೆ ಗೇಟರ್ ಇದ್ದರೂ ನುಣ್ಣಗಿನ ಮಣ್ಣು ಒಳಗೆ ಹೋಗುತ್ತದೆ, ಆಯಿಲ್ ಸೀಲಿನ ಅಂಚಿನಲ್ಲಿ ಕೂರುತ್ತದೆ, ಆಮೇಲೆ ಆಯಿಲ್ ಸೋರತೊಡಗುತ್ತದೆ. ಗೇಟರ್ ಸರಿಸಿ, ಡಸ್ಟ್ ಸೀಲನ್ನು ಮೆಲ್ಲಗೆ ಬಿಡಿಸಿ. ಮನೆಯಲ್ಲಿ ಯಾರದೋ ಹಳೆಯ ಎಕ್ಸ್‌ರೇ ಫಿಲ್ಮ್ ಬಿದ್ದಿರುತ್ತದೆ. ಅದರಿಂದ ಎರಡು ಬೆರಳಗಲದ ಪಟ್ಟಿ ಕತ್ತರಿಸಿ, ಒಂದು ತುದಿಯಲ್ಲಿ ಸಣ್ಣ ಕೊಕ್ಕೆ ಮಾಡಿ. ಪಟ್ಟಿಯನ್ನು ಶಾಕಿನ ನಯವಾದ ಕೊಳವೆಗೂ ಸೀಲಿಗೂ ನಡುವೆ ತೂರಿಸಿ ಸುತ್ತಲೂ ಒಮ್ಮೆ ತಿರುಗಿಸಿ, ಎಳೆಯಿರಿ. ಕೊಕ್ಕೆಯಲ್ಲಿ ಕಪ್ಪು ಎಣ್ಣೆಯ ಜೊತೆ ಒಂದೋ ಎರಡೋ ಮರಳಿನ ಕಾಳು ಬರುತ್ತವೆ. ಸಾವಿರಾರು ರೂಪಾಯಿಯ ಕೆಲಸ ಮಾಡಿಸುವುದು ಆ ಕಾಳೇ. ಸೋರಿಕೆ ಆಗಲೇ ಶುರುವಾಗಿದ್ದರೂ ಎಷ್ಟೋ ಸಲ ಇಷ್ಟರಿಂದಲೇ ನಿಲ್ಲುತ್ತದೆ.

ಹಳ್ಳ ದಾಟಿ ಬಂದಿದ್ದರೆ ಏರ್‌ಬಾಕ್ಸಿನ (ಏರ್ ಫಿಲ್ಟರ್ ಇರುವ ಡಬ್ಬಿಯ) ಕೆಳಗೆ ನೇತಾಡುವ ರಬ್ಬರ್ ನಳಿಗೆ ಒತ್ತಿ ನೀರು ಬರುತ್ತದಾ ನೋಡಿ. ಬಂದರೆ ಫಿಲ್ಟರ್ ಹೊರಗೆ ತೆಗೆಯಿರಿ. ಸ್ಪಂಜಿನ ಫಿಲ್ಟರಾದರೆ ಸೋಪು ನೀರಿನಲ್ಲಿ ಹಿಂಡಿ, ಪೂರ್ತಿ ಒಣಗಿಸಿ, ಫಿಲ್ಟರ್ ಆಯಿಲ್ ಹಚ್ಚಿ. ಕಾಗದದ್ದಾದರೆ ತೊಳೆಯುವಂತಿಲ್ಲ, ಹೊಸದೇ ಗತಿ. ಇಂಜಿನ್ ಆಯಿಲೂ ನೋಡಿ. ಹಾಲು ಬೆರೆಸಿದ ಕಾಫಿಯ ಹಾಗಿದ್ದರೆ ಒಳಗೆ ನೀರಿದೆ, ಬದಲಾಯಿಸದೆ ಸ್ಟಾರ್ಟ್ ಮಾಡಬೇಡಿ.

ಚೈನ್ ಕೊನೆಗೆ. ಸೀಮೆಎಣ್ಣೆ ಅದ್ದಿದ ಬ್ರಷ್ಷಿನಲ್ಲಿ ತಿಕ್ಕಿ, ಪೆಟ್ರೋಲ್ ಬೇಡ, ಅದು ಒಳಗಿನ ರಬ್ಬರ್ ಉಂಗುರಗಳನ್ನು ಹಾಳು ಮಾಡುತ್ತದೆ. ಚಕ್ರವನ್ನು ಕೈಯಲ್ಲೇ ತಿರುಗಿಸಿ. ಇಂಜಿನ್ ಚಾಲೂ ಮಾಡಿ ಗೇರಿಗೆ ಹಾಕಿ ಬಟ್ಟೆ ಹಿಡಿಯುವವರನ್ನು ಕಂಡಿದ್ದೇನೆ. ಸ್ಪ್ರಾಕೆಟ್ಟಿಗೆ ಬೆರಳು ಸಿಕ್ಕಿದರೆ ಉಳಿಯುವುದಿಲ್ಲ. ಚಕ್ರ ತಿರುಗುವಾಗಲೇ ಸ್ಪೋಕ್ಸ್ ಕಡ್ಡಿಗಳಿಗೆ ಸಣ್ಣ ಸ್ಪ್ಯಾನರಿನಿಂದ ಒಂದೊಂದಾಗಿ ತಟ್ಟಿ. ಬಿಗಿಯಾದದ್ದು ಟಿಣ್ ಅನ್ನುತ್ತದೆ, ಸಡಿಲವಾದದ್ದು ಡಬ್ ಅನ್ನುತ್ತದೆ. ಕೆಸರು ಇರುವಾಗ ಇದ್ಯಾವುದೂ ಗೊತ್ತಾಗುವುದಿಲ್ಲ.

ಬಟ್ಟೆಯ ಉಂಡೆ ತೆಗೆದು ಸ್ಟಾರ್ಟ್ ಮಾಡಿ, ಎರಡೂ ಬ್ರೇಕ್ ಮೆಲ್ಲಗೆ ಹಿಡಿದುಕೊಂಡು ಗೇಟಿನವರೆಗೆ ಹೋಗಿ ಬನ್ನಿ, ಪ್ಯಾಡ್ ಒಣಗುತ್ತದೆ. ಬಂದ ಮೇಲೆ ಬಿಸಿಯಾದ ಚೈನಿಗೆ ಒಳಬದಿಯಿಂದ 90 ನಂಬರಿನ ಗೇರ್ ಆಯಿಲ್ ಹಚ್ಚಿ, ಹೆಚ್ಚಾದದ್ದನ್ನು ಒರೆಸಿ. ಕ್ಲಚ್ ಮತ್ತು ಬ್ರೇಕ್ ಲಿವರಿನ ಬುಡಕ್ಕೂ ಒಂದೊಂದು ಹನಿ. ರಾತ್ರಿ ಪ್ಲಾಸ್ಟಿಕ್ ಕವರ್ ಮುಚ್ಚಬೇಡಿ, ನಮ್ಮ ಹವೆಗೆ ಒಳಗಿನ ತೇವ ಹೊರಗೆ ಹೋಗದೆ ಬೆಳಿಗ್ಗೆಗೆ ಬೋಲ್ಟಿನ ತಲೆಗಳ ಮೇಲೆ ತುಕ್ಕು ಕಾಣಿಸುತ್ತದೆ. ಕೊಟ್ಟಿಗೆಯ ಸೂರಿನಡಿ ಹಾಗೇ ನಿಲ್ಲಿಸಿ.