ರೆಪ್ಪೆ ಊದಿದರೆ ಮೊದಲು ಕನ್ನಡಿ, ಆಮೇಲೆ ಮುಲಾಮು

ರೆಪ್ಪೆಯ ಚರ್ಮ ಸುಮಾರು ಅರ್ಧ ಮಿಲಿಮೀಟರ್ ದಪ್ಪ, ಮೈಯಲ್ಲೇ ಅತಿ ತೆಳು. ಸಣ್ಣ ಉರಿಗೂ ಕಣ್ಣು ಮುಚ್ಚಿಹೋಗುವಷ್ಟು ಊದುತ್ತದೆ, ಹಚ್ಚಿದ ಔಷಧಿ ಬೇಗ ಒಳಗಿಳಿಯುತ್ತದೆ. ಕಪಾಟಿನಲ್ಲಿ ಉಳಿದ ಹಳೆ ಟ್ಯೂಬ್ ಹಿಂಡುವ ಮೊದಲು ತೊಂದರೆ ರೆಪ್ಪೆಯ ಅಂಚಿನಲ್ಲೋ, ಚರ್ಮದ ಮೇಲೋ ನೋಡಿಕೊಳ್ಳಿ.

ರೋಮದ ಬುಡದಲ್ಲಿ ಕೆಂಪಾಗಿ, ಮುಟ್ಟಿದರೆ ನೋಯುವುದು ಕಣ್ಕುಟಿಗೆ. ಅಂಚಿನಿಂದ ತುಸು ದೂರ, ನೋವಿಲ್ಲದೆ ಗಟ್ಟಿಯಾಗಿ ನಿಂತ ಗಂಟು ಕೆಲೇಜಿಯನ್, ಎಣ್ಣೆಗ್ರಂಥಿ ಕಟ್ಟಿಕೊಂಡದ್ದು. ಎರಡಕ್ಕೂ ಶಾಖ. ಸ್ವಚ್ಛ ಬಟ್ಟೆಯನ್ನು ಮಣಿಕಟ್ಟಿಗೆ ಹಿತವೆನಿಸುವ ಬಿಸಿನೀರಲ್ಲಿ ಅದ್ದಿ ಹಿಂಡಿ, ಮುಚ್ಚಿದ ಕಣ್ಣಿನ ಮೇಲೆ 5ರಿಂದ 10 ನಿಮಿಷ, ದಿನಕ್ಕೆ 3–4 ಸಲ ಇಡಿ. ಬಟ್ಟೆ ಒಂದೆರಡು ನಿಮಿಷಕ್ಕೇ ತಣಿಯುತ್ತದೆ, ಮತ್ತೆ ಮತ್ತೆ ಅದ್ದಲೇಬೇಕು. ಶಾಖ ಕೊಟ್ಟರೂ ಗುಣ ಕಾಣದವರು ಹೆಚ್ಚಾಗಿ ಇಲ್ಲೇ ತಪ್ಪುವುದು. ಗುಳ್ಳೆಯನ್ನು ಚಿವುಟಬೇಡಿ. ಕಣ್ಕುಟಿಗೆ ಒಂದೆರಡು ವಾರದಲ್ಲಿ ಇಳಿಯುತ್ತದೆ. ಗಂಟು ತಿಂಗಳು ಕಳೆದರೂ ಹಾಗೇ ಇದ್ದರೆ ಕಣ್ಣಿನ ಡಾಕ್ಟರಿಗೆ ತೋರಿಸಿ. ವಯಸ್ಸಾದವರಲ್ಲಿ ಅದೇ ಜಾಗದಲ್ಲಿ ಮರುಕಳಿಸಿದರೆ, ಅಲ್ಲಿನ ರೋಮ ಉದುರಿದರೆ ತಡಮಾಡಬೇಡಿ. ಕ್ಯಾನ್ಸರ್ ಅಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

ರೋಮದ ಬುಡದಲ್ಲಿ ತಲೆಹೊಟ್ಟಿನಂಥ ಪುಡಿ ಇದ್ದರೆ ಬ್ಲೆಫರೈಟಿಸ್, ಅಂದರೆ ರೆಪ್ಪೆಯಂಚಿನ ಉರಿಯೂತ. ಶಾಖದ ನಂತರ ಅಂಚನ್ನು ಹದವಾಗಿ ಒರೆಸುವುದು ನಿತ್ಯದ ಕೆಲಸವಾಗಬೇಕು. ಬಿಟ್ಟರೆ ಮತ್ತೆ ಬರುತ್ತದೆ.

ಇನ್ನು ನಮ್ಮ ಕರಾವಳಿಯ ಸ್ಪೆಷಲ್. ಮಳೆಗಾಲದಲ್ಲೂ ಏಣೆಲು (ಮಳೆಗಾಲದ ಭತ್ತ) ಕೊಯ್ಲಿನ ಆಚೀಚೆಯೂ ಟ್ಯೂಬ್‌ಲೈಟ್ ಹುಡುಕಿ ಬರುವ, ಸೆಂಟಿಮೀಟರಿಗಿಂತ ಚಿಕ್ಕ ಕಪ್ಪು-ಕಿತ್ತಳೆ ಪಟ್ಟೆಯ ಹುಳ ಪೀಡೆರಸ್. ಅದು ಕಚ್ಚುವುದಿಲ್ಲ. ಜಜ್ಜಿದರೆ ಮಾತ್ರ ಒಳಗಿನ ಪೆಡೆರಿನ್ ವಿಷ ಚರ್ಮಕ್ಕೆ ತಾಗುತ್ತದೆ. ಕುತ್ತಿಗೆ ಮೇಲೆ ಜಜ್ಜಿದ ಕೈಯಲ್ಲಿ ಕಣ್ಣುಜ್ಜಿದರೆ ಮುಗಿಯಿತು. ಉರಿ ಶುರುವಾಗುವುದು 24–48 ಗಂಟೆಯ ಮೇಲೆ, ಹಾಗಾಗಿ ಹುಳದ ನೆನಪೇ ಇರುವುದಿಲ್ಲ. ಗೆರೆ ಎಳೆದಂಥ ಕೆಂಪು, ಮಡಿಕೆಗಳಲ್ಲಿ ಎದುರುಬದುರು ಗುರುತು ಕಂಡರೆ ಇದೇ. ಹುಳ ಮೈಮೇಲೆ ಕೂತರೆ ಊದಿ ಓಡಿಸಿ. ಜಜ್ಜಿಬಿಟ್ಟರೆ ತಕ್ಷಣ ಸೋಪು ಹಾಕಿ ತೊಳೆಯಿರಿ. ಉರಿಗೆ ತಣ್ಣೀರ ಪಟ್ಟಿ; ವಾರ-ಹತ್ತು ದಿನದಲ್ಲಿ ಮಾಯುತ್ತದೆ.

ಇದನ್ನು ಸರ್ಪಸುತ್ತು ಎಂದುಕೊಳ್ಳುವವರಿದ್ದಾರೆ. ನಿಜವಾದ ಸರ್ಪಸುತ್ತು ಹಣೆಯ ಒಂದೇ ಬದಿಗೆ, ಮೊದಲು ನೋವು, ಆಮೇಲೆ ನೀರುಗುಳ್ಳೆ. ಮೂಗಿನ ತುದಿಗೂ ಬಂದರೆ ಕಣ್ಣಿಗೆ ಅಪಾಯ. ಕೆಮ್ಮಣ್ಣು ಹಚ್ಚಿ ಕೂರಬೇಡಿ, ವೈರಸ್ ತಡೆಯುವ ಮಾತ್ರೆ ಗುಳ್ಳೆ ಕಂಡ 72 ಗಂಟೆಯೊಳಗೆ ಶುರುವಾಗಬೇಕು.

ಎರಡೂ ಕಣ್ಣಿಗೆ ತುರಿಕೆ, ಒಣ ಸಿಪ್ಪೆ ಇದ್ದರೆ ಅಲರ್ಜಿಯನ್ನು ಶಂಕಿಸಿ: ಕಾಡಿಗೆ, ತಲೆಬಣ್ಣ, ಕಣ್ಣಿನ ಹನಿ. ಉಗುರುಬಣ್ಣ ಕೂಡ, ಉಗುರಿಗೆ ಏನೂ ಆಗದೆ ರೆಪ್ಪೆಯಲ್ಲೇ ಕಾಣಿಸುತ್ತದೆ. ಎಲ್ಲವನ್ನೂ ನಿಲ್ಲಿಸಿ, ತೆಳ್ಳಗೆ ವ್ಯಾಸಲಿನ್ ಹಚ್ಚಿ. ಬೆಟ್ನೊವೇಟ್‌ನಂಥ ಗಟ್ಟಿ ಸ್ಟಿರಾಯ್ಡ್ ರೆಪ್ಪೆಗೆ ಬೇಡ. ಚರ್ಮ ತೆಳುವಾಗುತ್ತದೆ, ವಾರಗಟ್ಟಲೆ ಹಚ್ಚಿದರೆ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ ಬರಬಹುದು.

ಜ್ವರ, ಕಣ್ಣು ಹೊರಳಿಸಿದರೆ ನೋವು, ಎರಡೆರಡು ಕಾಣುವುದು ಅಥವಾ ಮಂಜು: ಇವುಗಳಲ್ಲಿ ಒಂದಿದ್ದರೂ ಶಾಖ ಗೀಖ ಬಿಟ್ಟು ಅದೇ ದಿನ ಮಂಗಳೂರಿನ ವೆನ್ಲಾಕ್ ಆಸ್ಪತ್ರೆಗೋ ಮಣಿಪಾಲದ ಆಸ್ಪತ್ರೆಗೋ ಹೊರಡಿ.